ಪಟದಲ್ಲಿರುವ ಮಗು



ಮಗುವಿನ ಪಟವೊಂದು ಗೋಡೆಯ ಮೇಲಿಲ್ಲದ ಮನೆ ನಮ್ಮಲ್ಲಿ ಈಗ ಅಪರೂಪ. ನಾಮಕರಣದ ದಿನ, ಚೌಲದ ದಿನ, ಅಕ್ಷರಾಭ್ಯಾಸದ ದಿನ, ಹೀಗೆ ಒಂದೊಂದು ಶುಭಕಾರ್ಯಕ್ಕೂ ಒಂದೊಂದು ಚಿತ್ರ. ಆದರೆ ನಮ್ಮ ಅಜ್ಜಿಯರು ಇದನ್ನು ಅಷ್ಟು ಸುಲಭವಾಗಿ ಒಪ್ಪುತ್ತಿರಲಿಲ್ಲ. ಕೂಸಿನ ಚಿತ್ರ ತೆಗೆಸಿದರೆ ಅದರ ಆಯುಸ್ಸು ಕುಗ್ಗುವುದೆಂದು ಅಂಜುವವರಿದ್ದರು. ತೆಗೆಸಲೇಬೇಕಾದರೆ ಕೆನ್ನೆಗೆ ದೃಷ್ಟಿಬೊಟ್ಟು, ಸೊಂಟಕ್ಕೆ ಉಡಿದಾರ, ಕೊರಳಿಗೆ ತಾಯಿತ, ಇಷ್ಟು ರಕ್ಷೆ ಇಲ್ಲದೆ ಮಗುವನ್ನು ಚಿತ್ರಗಾರನ ಮುಂದೆ ಕೂರಿಸುತ್ತಿರಲಿಲ್ಲ. ಈ ಅಂಜಿಕೆಯನ್ನು ಮೌಢ್ಯವೆಂದು ನಕ್ಕುಬಿಡುವುದು ಸುಲಭ. ಆದರೆ ಅದರ ಹಿಂದೆ ಒಂದು ಪ್ರಶ್ನೆಯಿದೆ. ಮಗುವಿನ ಪಟವೆಂಬುದು ನಿಜವಾಗಿ ಯಾರಿಗಾಗಿ? ತನ್ನ ಚಿತ್ರವನ್ನು ಬರೆಯಿಸಬೇಕೆಂದು ಯಾವ ಮಗುವೂ ಕೇಳುವುದಿಲ್ಲ. ಕೇಳುವವರು ಹಿರಿಯರು. ಹಣ ಕೊಡುವವರೂ ಅವರೇ. ಹೀಗಿರುವಾಗ ಆ ಚೌಕಟ್ಟಿನೊಳಗೆ ನಾವು ಕಾಣುವುದು ಮಗುವನ್ನೋ, ಮಗುವಿನ ಮೇಲೆ ಹಿರಿಯರು ಹೊರಿಸಿದ ಆಸೆಯನ್ನೋ?

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ಹೊತ್ತು ಎರಡು ದೇಶಗಳ ಹಳೆಯ ಚಿತ್ರಗಳ ವಿಷಯವಾಗಿ ಕೆಲವು ಮಾತುಗಳನ್ನು ಹೇಳುತ್ತೇನೆ. ಒಂದು, ಇಂಗ್ಲೆಂಡಿನ ಆಳ್ವಿಕೆಯಲ್ಲಿದ್ದ ಕಾಲದ ಅಮೆರಿಕಾ. ಮತ್ತೊಂದು ನಮ್ಮ ಮೈಸೂರು. ಇವೆರಡಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವಿದೆ. ಅದನ್ನು ಕಲ್ಪಿಸಿದವನು ಬಾಸ್ಟನ್ ಪಟ್ಟಣದಲ್ಲಿ ಹುಟ್ಟಿದ ಒಬ್ಬ ಚಿತ್ರಕಾರ. ಅವನ ವಿಷಯ ಮುಂದೆ ಬರುತ್ತದೆ.

ಮೊದಲು ಬಾಸ್ಟನ್ನಿಗೇ ಹೋಗೋಣ. 1670ನೆಯ ಇಸವಿಯಲ್ಲಿ ಆ ಪಟ್ಟಣದ ಗಿಬ್ಸ್ ಎಂಬ ವರ್ತಕನ ಮೂವರು ಮಕ್ಕಳ ಚಿತ್ರಗಳನ್ನು ಒಬ್ಬ ಚಿತ್ರಕಾರನು ಬರೆದನು. ಅವನ ಹೆಸರು ಉಳಿದಿಲ್ಲ. ಆ ಮಕ್ಕಳ ಹೆಸರುಗಳು ಉಳಿದಿವೆ: ಮಾರ್ಗರೆಟ್, ರಾಬರ್ಟ್ ಮತ್ತು ಹೆನ್ರಿ. ಕಪ್ಪು ಬಿಳುಪು ಚೌಕಗಳ ನೆಲದ ಮೇಲೆ ಏಳು ವರ್ಷದ ಮಾರ್ಗರೆಟ್ ಕೈಯಲ್ಲಿ ಬೀಸಣಿಗೆಯನ್ನು ಹಿಡಿದು ದೊಡ್ಡ ಗೃಹಿಣಿಯಂತೆ ನೆಟ್ಟಗೆ ನಿಂತಿದ್ದಾಳೆ. ರಾಬರ್ಟನಿಗೆ ನಾಲ್ಕೂವರೆ ವರ್ಷ. ಅವನು ಗಂಡುಮಗು, ಆದರೆ ಉಟ್ಟಿರುವುದು ಕಾಲು ಮುಚ್ಚುವ ನಿಲುವಂಗಿ. ಆ ಕಾಲದಲ್ಲಿ ಗಂಡುಮಕ್ಕಳಿಗೂ ಆರೇಳು ವರ್ಷವಾಗುವ ತನಕ ಹೆಣ್ಣುಮಕ್ಕಳಂತೆಯೇ ಉಡಿಸುವ ಪದ್ಧತಿಯಿತ್ತು. ಅನಂತರ ಷರಾಯಿ ತೊಡಿಸುವುದು ಒಂದು ಸಣ್ಣ ಸಂಸ್ಕಾರದಂತೆ ನಡೆಯುತ್ತಿತ್ತು. ಮಕ್ಕಳ ಮುಖದಲ್ಲಿ ನಗುವಿಲ್ಲ, ಆಟವಿಲ್ಲ. ಚಿತ್ರದ ಮೇಲೆ ಅವರ ವಯಸ್ಸನ್ನೂ ಇಸವಿಯನ್ನೂ ಬರೆದಿದೆ. ಈ ಬರಹಕ್ಕೆ ಕಾರಣವಿಲ್ಲದೆ ಇಲ್ಲ. ಮಕ್ಕಳು ಉಳಿಯುವುದೇ ಸಂದೇಹವಾಗಿದ್ದ ಕಾಲವದು. ಆ ಪಟ್ಟಣದ ಪ್ರಸಿದ್ಧ ಧರ್ಮೋಪದೇಶಕನಾದ ಕಾಟನ್ ಮಾತರನಿಗೆ ಹದಿನೈದು ಮಂದಿ ಮಕ್ಕಳಾದರು. ಅವನು ಸಾಯುವಾಗ ಬದುಕಿದ್ದವರು ಇಬ್ಬರು ಮಾತ್ರ. ಇಂಥ ಊರಿನಲ್ಲಿ ಈ ಇಸವಿಯಲ್ಲಿ ಈ ಮಗು ಇಷ್ಟು ವಯಸ್ಸಿನದಾಗಿ ನಮ್ಮ ಮನೆಯಲ್ಲಿತ್ತು ಎಂದು ಬರೆದಿಡುವುದು ಆಡಂಬರವೆಂದು ಹೇಳಲಾಗುವುದಿಲ್ಲ.

ಅದೇ ಊರಿನ ಇನ್ನೊಂದು ಚಿತ್ರ ಇದಕ್ಕಿಂತಲೂ ಕುತೂಹಲಕರವಾದುದು. ಎಲಿಜಬೆತ್ ಫ್ರೀಕ್ ಎಂಬಾಕೆಯ ಚಿತ್ರವನ್ನು 1671ರ ಸುಮಾರಿನಲ್ಲಿ ಬರೆಯಿಸಿದ್ದರು. ಆಗ ಆಕೆ ಒಬ್ಬಳೇ ಇದ್ದಳು. 1674ರಲ್ಲಿ ಆಕೆಗೆ ಮೇರಿ ಎಂಬ ಮಗಳು ಹುಟ್ಟಿದಾಗ ಅದೇ ಚಿತ್ರವನ್ನು ಮತ್ತೆ ಕೈಗೆತ್ತಿಕೊಂಡು, ತಾಯಿಯ ತೊಡೆಯ ಮೇಲೆ ಆರು ತಿಂಗಳ ಕೂಸನ್ನು ಬರೆದು ಸೇರಿಸಿದರು. ಕ್ಷ-ಕಿರಣಗಳಿಂದ ಪರೀಕ್ಷಿಸಿದಾಗ ಬಣ್ಣದ ಕೆಳಗಿನ ಈ ಹಳೆಯ ಕತೆ ಬೆಳಕಿಗೆ ಬಂದಿತು. ಮರುವರ್ಷವೇ ಮಗುವಿನ ತಂದೆ ತೀರಿಕೊಂಡನು. ತಾಯಿಯ ಮಡಿಲು ತುಂಬಿದುದನ್ನು ಪಟದಲ್ಲಿಯೂ ತುಂಬಿಸಬೇಕೆಂದು ಆ ಮನೆಯವರಿಗೆ ತೋರಿತಲ್ಲ, ಆ ಭಾವ ನಮಗೆ ಅನ್ಯವಲ್ಲ. ನಮಗೆ ಪರಿಚಿತವಾದ ಇನ್ನೊಂದು ವಸ್ತುವೂ ಆ ಕಾಲದ ಕೂಸುಗಳ ಕೈಯಲ್ಲಿರುತ್ತಿತ್ತು: ಬೆಳ್ಳಿಯ ಗೆಜ್ಜೆ ಕಟ್ಟಿದ ಹವಳದ ಗಿಲಕಿ. ಹವಳ ಮೈಮೇಲಿದ್ದರೆ ಕೆಟ್ಟ ದೃಷ್ಟಿ ತಾಗದೆಂದು ಅಲ್ಲಿಯೂ ನಂಬಿದ್ದರು. ನಮ್ಮ ಅಜ್ಜಿಯರ ಅಂಜಿಕೆಗೆ ಕಡಲಾಚೆಯೂ ನೆಂಟರಿದ್ದರೆಂದಾಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಇದು ವಾತ್ಸಲ್ಯದ ಕತೆಯಾಗುತ್ತದೆ. ಆದರೆ ಮೇರಿಲ್ಯಾಂಡ್ ಪ್ರಾಂತದ ಒಂದು ಚಿತ್ರವನ್ನು ನೋಡಿದವರಿಗೆ ಇಲ್ಲಿಗೇ ನಿಲ್ಲಿಸುವುದು ಸಾಧ್ಯವಾಗುವುದಿಲ್ಲ. 1710ರ ಸುಮಾರಿನಲ್ಲಿ ಜರ್ಮನಿಯಿಂದ ಬಂದಿದ್ದ ಯೂಸ್ಟಸ್ ಕ್ಯೂನ್ ಎಂಬ ಚಿತ್ರಕಾರನು ಹೆನ್ರಿ ಡಾರ್ನಲ್ ಎಂಬ ಜಮೀನುದಾರರ ಮನೆಯ ಹುಡುಗನ ಚಿತ್ರವನ್ನು ಬರೆದನು. ಹುಡುಗನು ರಾಜಕುಮಾರನಂತೆ ಉಡುಪು ಧರಿಸಿ ಬಿಲ್ಲನ್ನು ಹಿಡಿದು ನಿಂತಿದ್ದಾನೆ. ಅವನ ಬದಿಯಲ್ಲಿ, ಕಲ್ಲಿನ ಕಟಕಟೆಯ ಹಿಂದೆ, ಇನ್ನೊಬ್ಬ ಹುಡುಗನಿದ್ದಾನೆ. ಅವನು ಆಫ್ರಿಕಾ ಮೂಲದ ಗುಲಾಮ ಬಾಲಕ. ಒಡೆಯನು ಹೊಡೆದ ಹಕ್ಕಿಯನ್ನು ಕೈಯಲ್ಲಿ ಹಿಡಿದುಕೊಂಡು ಒಡೆಯನ ಮುಖವನ್ನೇ ನೋಡುತ್ತಿದ್ದಾನೆ. ಅವನ ಕೊರಳಲ್ಲಿ ಬೆಳ್ಳಿಯ ಪಟ್ಟಿಯಿದೆ. ಅದು ಒಡವೆಯೆಂದು ತಿಳಿಯಬೇಡಿ. ಯಾರ ಸ್ವತ್ತೆಂಬುದರ ಗುರುತು. ಅಮೆರಿಕಾದ ಚಿತ್ರಗಳಲ್ಲಿ ಗುಲಾಮನೊಬ್ಬನು ಕಾಣಿಸಿಕೊಂಡ ಅತಿ ಹಳೆಯ ಚಿತ್ರಗಳಲ್ಲಿ ಇದೂ ಒಂದು. ಒಂದೇ ಚೌಕಟ್ಟಿನಲ್ಲಿ ಇಬ್ಬರು ಮಕ್ಕಳಿದ್ದಾರೆ. ಒಬ್ಬನ ಹೆಸರು ವಂಶವೃಕ್ಷದಲ್ಲಿದೆ. ಮತ್ತೊಬ್ಬನ ಹೆಸರನ್ನು ಯಾರೂ ಬರೆದಿಡಲಿಲ್ಲ. ಚಿತ್ರಕಾರನ ಕುಂಚ ಇಬ್ಬರ ಕಣ್ಣುಗಳನ್ನೂ ಬರೆಯಿತು. ಲೋಕವು ಒಬ್ಬನನ್ನು ಮಾತ್ರ ನೆನಪಿಟ್ಟುಕೊಂಡಿತು.

ಈ ದೇಶದಲ್ಲಿ ಮಗುವನ್ನು ಮಗುವಾಗಿಯೇ ನೋಡಿದ ಚಿತ್ರವೂ ಹುಟ್ಟಿತು. 1765ರಲ್ಲಿ ಬಾಸ್ಟನ್ನಿನ ಜಾನ್ ಸಿಂಗಲ್ಟನ್ ಕಾಪ್ಲಿ ತನ್ನ ಮಲತಮ್ಮನಾದ ಹೆನ್ರಿ ಪೆಲ್ಹಮನ ಚಿತ್ರವನ್ನು ಬರೆದನು. ಮೇಜಿನ ಮುಂದೆ ಕುಳಿತ ಹುಡುಗ. ಮೇಜಿನ ಮೇಲೆ ಒಂದು ಲೋಟ ನೀರು. ಅವನು ಹಿಡಿದ ಚಿನ್ನದ ಸರಪಳಿಯ ತುದಿಯಲ್ಲಿ ಕಾಯಿ ಕಡಿಯುತ್ತಿರುವ ಒಂದು ಹಾರುವ ಅಳಿಲು. ಹುಡುಗನು ನಮ್ಮ ಕಡೆ ನೋಡುತ್ತಿಲ್ಲ. ಎಲ್ಲಿಯೋ ದೂರ ನೋಡುತ್ತ ತನ್ನ ಯೋಚನೆಯಲ್ಲಿದ್ದಾನೆ. ಈ ಚಿತ್ರವನ್ನು ಯಾವ ಶ್ರೀಮಂತನೂ ಬರೆಯಿಸಲಿಲ್ಲ. ಲಂಡನ್ನಿನ ಪ್ರದರ್ಶನಕ್ಕೆ ಕಳುಹಿಸಿ ತನ್ನ ಕೈಚಳಕವನ್ನು ಪರೀಕ್ಷಿಸಿಕೊಳ್ಳಬೇಕೆಂದು ಕಾಪ್ಲಿ ತಾನಾಗಿಯೇ ಬರೆದನು. 1766ರಲ್ಲಿ ಅದು ಅಲ್ಲಿ ಪ್ರದರ್ಶಿತವಾಗಿ ದೊಡ್ಡ ಕಲಾವಿದರ ಮೆಚ್ಚುಗೆಯನ್ನು ಪಡೆಯಿತು. ಹುಡುಗನು ಯಾವ ವಂಶದ ಕೀರ್ತಿಯನ್ನೂ ಹೊರಬೇಕಾಗಿರಲಿಲ್ಲ. ಆದುದರಿಂದಲೇ ಅವನ ಮುಖಕ್ಕೆ ಆ ಬಿಡುವು ಬಂದಿರಬೇಕೆಂದು ನನಗೆ ತೋರುತ್ತದೆ.

ಈಗ ಮೈಸೂರಿಗೆ ಬರೋಣ. ಕಾಪ್ಲಿಯ ಊರಾದ ಬಾಸ್ಟನ್ನಿನಲ್ಲಿಯೇ 1761ರಲ್ಲಿ ಮಾತರ್ ಬ್ರೌನ್ ಹುಟ್ಟಿದನು. ಹಿಂದೆ ಹೇಳಿದ ಮಾತರ ಮನೆತನ ಅವನ ತಾಯಿಯ ಕಡೆಯದು. 1781ರಲ್ಲಿ ಲಂಡನ್ನಿಗೆ ಹೋಗಿ ಬೆಂಜಮಿನ್ ವೆಸ್ಟನ ಶಿಷ್ಯನಾದನು. ಅದೇ 1781ರಲ್ಲಿ ಅಮೆರಿಕಾದ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನ ಸೈನ್ಯಕ್ಕೆ ಲಾರ್ಡ್ ಕಾರ್ನ್‌ವಾಲಿಸನು ಶರಣಾದನು. ಅಲ್ಲಿ ಸೋತ ಕಾರ್ನ್‌ವಾಲಿಸನೇ ಹನ್ನೊಂದು ವರ್ಷಗಳ ಮೇಲೆ ಶ್ರೀರಂಗಪಟ್ಟಣದ ಮುಂದೆ ಗೆದ್ದು ನಿಂತನು. ಆ ಗೆಲುವಿನ ಚಿತ್ರವನ್ನು ಇಂಗ್ಲಿಷರಿಗೆ ಬರೆದುಕೊಟ್ಟವರಲ್ಲಿ ಅಮೆರಿಕಾದಿಂದ ಬಂದ ಈ ಬ್ರೌನನೂ ಒಬ್ಬನು. ಅವನು ಮೈಸೂರನ್ನು ಕಣ್ಣಿನಿಂದ ಕಂಡವನಲ್ಲ.

1792ರ ಸಂಧಿಯ ಷರತ್ತುಗಳು ತಮಗೆ ತಿಳಿದಿವೆ. ಟಿಪ್ಪು ಸುಲ್ತಾನನು ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನು ತೆರಬೇಕು. ಅದು ಸಲ್ಲುವ ತನಕ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಬೇಕು. ಅಬ್ದುಲ್ ಖಾಲಿಕನಿಗೆ ಸುಮಾರು ಹತ್ತು ವರ್ಷ, ಮುಯಿಜುದ್ದೀನನಿಗೆ ಸುಮಾರು ಎಂಟು. ಫೆಬ್ರವರಿ ತಿಂಗಳ ಕೊನೆಯಲ್ಲಿ ಆನೆಗಳ ಮೇಲೆ ಅವರನ್ನು ಕೋಟೆಯಿಂದ ಕಳುಹಿಸಿಕೊಟ್ಟರು. ಹೆಬ್ಬಾಗಿಲಿನ ಮೇಲಿನ ಗೋಡೆಯಿಂದ ತಂದೆಯೇ ನೋಡುತ್ತಿದ್ದನೆಂದು ಆ ಸೈನ್ಯದಲ್ಲಿದ್ದ ಮೇಜರ್ ಡಿರೋಮನು ಬರೆದಿದ್ದಾನೆ. ಬಿಳಿಯ ಮಸ್ಲಿನ್ ನಿಲುವಂಗಿ, ಕೆಂಪು ಪೇಟ, ಕೊರಳಲ್ಲಿ ಮುತ್ತಿನ ಸರಗಳು, ಇವೆಲ್ಲವನ್ನೂ ಅವನು ಎಣಿಸಿಟ್ಟಿದ್ದಾನೆ. ಸುಲ್ತಾನನ ವಕೀಲನಾದ ಗುಲಾಂ ಅಲಿ ಖಾನನು ಮಕ್ಕಳನ್ನು ಒಪ್ಪಿಸುತ್ತ, ಇನ್ನು ಮುಂದೆ ಇವರಿಗೆ ತಂದೆಯ ಸ್ಥಾನದಲ್ಲಿ ತಾವೇ ಎಂಬರ್ಥದ ಮಾತನ್ನಾಡಿದನು. ಕಾರ್ನ್‌ವಾಲಿಸನು ಮಕ್ಕಳಿಗೆ ಒಂದೊಂದು ಚಿನ್ನದ ಗಡಿಯಾರವನ್ನು ಕೊಟ್ಟನು.

ಸೈನ್ಯದ ಜೊತೆಯಲ್ಲಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರನು ಈ ಒಪ್ಪಿಸುವ ಪ್ರಸಂಗವನ್ನು ದೊಡ್ಡ ತೈಲಚಿತ್ರವಾಗಿ ಬರೆದನು. ಅದು ಈಗ ಲಂಡನ್ನಿನ ಸೈನ್ಯದ ವಸ್ತುಸಂಗ್ರಹಾಲಯದಲ್ಲಿದೆ. ಜನಸಂದಣಿಯ ನಡುವೆ ಕಾರ್ನ್‌ವಾಲಿಸನು ಮಗುವಿನ ಕೈ ಹಿಡಿದಿದ್ದಾನೆ. ಒಂದು ಅಂಚಿನಲ್ಲಿ ಚಿತ್ರಗಳ ಕಟ್ಟನ್ನು ಹಿಡಿದ ಹೋಮನು ತನ್ನನ್ನೂ ಬರೆದುಕೊಂಡಿದ್ದಾನೆ. ಮಾತರ್ ಬ್ರೌನನು ಇನ್ನೂ ಮುಂದೆ ಹೋಗಿ, ಮಕ್ಕಳು ಅಂತಃಪುರದಿಂದ ಬೀಳ್ಕೊಳ್ಳುವ ದೃಶ್ಯವನ್ನೇ ಕಲ್ಪಿಸಿ ಬರೆದನು. ಪರಪುರುಷನ ನೆರಳೂ ಬೀಳದ ಆ ಅಂತಃಪುರವನ್ನು ಲಂಡನ್ನಿನಲ್ಲಿ ಕುಳಿತವನು ಹೇಗೆ ಕಂಡನು? ಕಾಣಲಿಲ್ಲ, ಕಾಣುವ ಅಗತ್ಯವೂ ಅವನಿಗಿರಲಿಲ್ಲ. ಇಂಗ್ಲೆಂಡಿನ ಜನರಿಗೆ ಬೇಕಾಗಿದ್ದುದು ಒಂದೇ ಭಾವ: ನಮ್ಮ ಸೇನಾಪತಿ ಕ್ರೂರನಲ್ಲ, ಶತ್ರುವಿನ ಮಕ್ಕಳಿಗೂ ತಂದೆಯಂತಿದ್ದಾನೆ. ಈ ಚಿತ್ರಗಳ ಅಚ್ಚುಗಳು ಮನೆಮನೆಗೂ ಹೋದವು.

ಶ್ರೋತೃಗಳೆ, ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕಾರ್ನ್‌ವಾಲಿಸನು ಮಕ್ಕಳನ್ನು ಮರ್ಯಾದೆಯಿಂದ ನೋಡಿಕೊಂಡುದು ನಿಜ. 1794ರಲ್ಲಿ ದೇವನಹಳ್ಳಿಯ ಹತ್ತಿರ ಅವರನ್ನು ತಂದೆಗೆ ಹಿಂದಿರುಗಿಸಿದುದೂ ನಿಜ. ಆದರೆ ಹಿಡಿದ ಕೈ ಪ್ರೀತಿಯದಾದರೂ ಹಿಡಿತ ಹಿಡಿತವೇ. ಸಾಲಕ್ಕೆ ಚಿನ್ನವನ್ನು ಒತ್ತೆಯಿಡುವಂತೆ ಇಲ್ಲಿ ಮಕ್ಕಳನ್ನು ಇಟ್ಟಿತ್ತು. ಮೂರು ಕೋಟಿ ಮೂವತ್ತು ಲಕ್ಷವೆಂಬ ಅಂಕಿ ಚಿತ್ರದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಮೇರಿಲ್ಯಾಂಡಿನ ಹುಡುಗನ ಕೊರಳ ಪಟ್ಟಿ ಬಹಿರಂಗವಾಗಿತ್ತು. ಇಲ್ಲಿಯ ಪಟ್ಟಿಯನ್ನು ಮುತ್ತಿನ ಸರಗಳ ಕೆಳಗೆ ಮುಚ್ಚಿದ್ದಾರೆ.

ಏಳು ವರ್ಷಗಳಲ್ಲಿ ಪಾತ್ರಗಳು ಬದಲಾದವು. 1799ರ ಮೇ 4ರಂದು ಟಿಪ್ಪು ಸತ್ತನು. ಅವನ ಮಕ್ಕಳನ್ನು ವೆಲ್ಲೂರಿನ ಕೋಟೆಗೆ ಸಾಗಿಸಿದರು. ಜೂನ್ 30ರಂದು ಮೈಸೂರಿನಲ್ಲಿ ಇನ್ನೊಬ್ಬ ಬಾಲಕನನ್ನು ಸಿಂಹಾಸನದ ಮೇಲೆ ಕೂರಿಸಿದರು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರು. ಹುಟ್ಟಿದುದು 1794ರ ಜುಲೈ 14ರಂದು. ಆದುದರಿಂದ ಆ ದಿನ ಅವರಿಗೆ ಐದು ವರ್ಷ ಇನ್ನೂ ತುಂಬಿರಲಿಲ್ಲ. ರಾಜ್ಯಭಾರವನ್ನು ಮಹಾರಾಣಿ ಲಕ್ಷ್ಮಮ್ಮಣ್ಣಿಯವರೂ ದಿವಾನ್ ಪೂರ್ಣಯ್ಯನವರೂ ನೋಡಿಕೊಂಡರು. ವರ್ಷಕ್ಕೆ ಏಳು ಲಕ್ಷ ವರಹಗಳನ್ನು ಕಂಪೆನಿಗೆ ಸಲ್ಲಿಸುವ ಕರಾರು ಆ ಮಗುವಿನ ಹೆಸರಿನಲ್ಲಿ ಆಯಿತು. ಒಂದು ಮನೆಯ ಮಕ್ಕಳು ಸಂಧಿಗೆ ಒತ್ತೆಯಾದರು. ಇನ್ನೊಂದು ಮನೆಯ ಮಗು ಸಂಧಿಗೆ ಸಹಿಯಾಯಿತು. ಎರಡು ಕಡೆಯೂ ಮಗುವನ್ನು ಕೇಳಿದವರಿಲ್ಲ.

ಇದು ದೂರದ ರಾಜಕಾರಣವೆಂದು ನಾನು ತಿಳಿಯಲಾರೆ. ಮಾಂಬಳ್ಳಿ ನನ್ನ ಊರು. ಅದು ಸೇರಿರುವ ಯಳಂದೂರು ಸೀಮೆಯನ್ನು 1807ರಲ್ಲಿ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟರು. ಕೊಟ್ಟ ಪ್ರಭುವಿಗೆ ಆಗ ಹದಿಮೂರರ ಸುಮಾರಿನ ವಯಸ್ಸು. ನಮ್ಮೂರಿನಿಂದ ಸ್ವಲ್ಪ ದೂರ ನಡೆದರೆ ಕೊಳ್ಳೇಗಾಲದ ಕಡೆ ಸೇರುತ್ತೇವೆ. 1799ರ ಹಂಚಿಕೆಯಲ್ಲಿ ಆ ಕಡೆ ಕಂಪೆನಿಗೆ ಹೋಯಿತು. ಮುಂದೆ ಕೊಯಮತ್ತೂರು ಜಿಲ್ಲೆಗೆ ಸೇರಿ 1956ರ ತನಕ ಮದರಾಸಿನ ಆಡಳಿತದಲ್ಲಿಯೇ ಇತ್ತು. ಅಕ್ಕಪಕ್ಕದ ಹೊಲಗಳು ಎರಡು ಸರಕಾರಗಳಿಗೆ ಕಂದಾಯ ಕಟ್ಟಿದುವು. ಒಂದು ಮಗುವಿನ ಹೆಸರಿನಲ್ಲಿ ಎಳೆದ ಗೆರೆ ನೂರೈವತ್ತು ವರ್ಷಗಳ ಕಾಲ ನಮ್ಮ ಬಂಧುಬಳಗದ ನಡುವೆ ಹಾದುಹೋಗಿತ್ತು.

ಆ ಕಾಲದ ಮುಖಗಳನ್ನು ನಮಗೆ ಉಳಿಸಿಕೊಟ್ಟವನು ಐರ್ಲೆಂಡಿನ ಥಾಮಸ್ ಹಿಕಿ. ಪೂರ್ಣಯ್ಯನವರ ಚಿತ್ರವನ್ನೂ ಬರೆದನು. ಟಿಪ್ಪುವಿನ ಮಕ್ಕಳ ಚಿತ್ರಗಳನ್ನೂ ಬರೆದನು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿಗೆ ಹೋದವರು ಅವನ ಕೈಯ ಆ ರಾಜಕುಮಾರರ ಮುಖಗಳನ್ನು ಅಲ್ಲಿ ನೋಡಬಹುದು. ಹಿಂದೆ ಎಂಟು ಹತ್ತು ವರ್ಷದವರಾಗಿ ಕಾರ್ನ್‌ವಾಲಿಸನ ಕೈ ಹಿಡಿದಿದ್ದವರು ಇಲ್ಲಿ ಪ್ರಾಯಕ್ಕೆ ಬಂದ ತರುಣರು. ಸುತ್ತ ಜನಸಂದಣಿಯಿಲ್ಲ, ಆನೆಯಿಲ್ಲ, ದೊಡ್ಡ ಸೇನಾಪತಿಯಿಲ್ಲ. ಮುಖ ಮಾತ್ರ ಇದೆ. ಹೋಮನ ದೊಡ್ಡ ಚಿತ್ರದಲ್ಲಿ ಸಿಕ್ಕದ ಮನುಷ್ಯರು ಈ ಸಣ್ಣ ಚಿತ್ರಗಳಲ್ಲಿ ಸಿಕ್ಕುತ್ತಾರೆ.

ಹಿಕಿ ಬರೆದ ಇನ್ನೊಂದು ಚಿತ್ರದ ಮಾತನ್ನು ಹೇಳದೆ ಈ ಪ್ರಸ್ತಾಪವನ್ನು ಮುಗಿಸಬಾರದು. 1805ರ ಕಾಲದ ಆ ತೈಲಚಿತ್ರದಲ್ಲಿ ಮೂವರು ಸ್ತ್ರೀಯರಿದ್ದಾರೆ. ಬಹುಕಾಲ ಅವರನ್ನು ನರ್ತಕಿಯರೆಂದು ಭಾವಿಸಿದ್ದರು. ಅವರು ಮೈಸೂರಿನ ರಾಜಮನೆತನದವರೆಂದು ಇತಿಹಾಸಕಾರರಾದ ನೈಜೆಲ್ ಚಾನ್ಸೆಲರ್ ಅವರು ವಾದಿಸಿದ್ದಾರೆ. ಅವರ ಅಭಿಪ್ರಾಯದಂತೆ ಅವರಲ್ಲಿ ಕಿರಿಯವಳು ಅದೇ ವರ್ಷ ಮುಮ್ಮಡಿಯವರನ್ನು ಮದುವೆಯಾಗಲು ಬಂದ, ಸುಮಾರು ಹನ್ನೆರಡು ವರ್ಷದ ದೇವಾಜಮ್ಮಣ್ಣಿ. ಆಕೆಯ ಸೆರಗು ಎಡತೋಳನ್ನು ಮುಚ್ಚಿಲ್ಲ. ದೇವಿ ಹಾಕಿಸಿಕೊಂಡ ಜಾಗವನ್ನು ಮರ್ಯಾದೆಗೆ ಕುಂದಿಲ್ಲದಂತೆ ತೋರಿಸುವುದೇ ಆ ಭಂಗಿಯ ಉದ್ದೇಶವೆಂದು ಅವರು ಹೇಳುತ್ತಾರೆ. ಸಿಡುಬಿಗೆ ಹಸುವಿನ ದೇವಿಯನ್ನು ಹಾಕುವ ಜೆನ್ನರನ ಕ್ರಮ ಆಗ ಹೊಸದು. ಹಿಂದೂದೇಶದಲ್ಲಿ ಅದನ್ನು ಮೊದಲು ಹಾಕಿದುದು 1802ರ ಜೂನ್ 14ರಂದು, ಬೊಂಬಾಯಿಯಲ್ಲಿ, ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿಗೆ. ಅಂದಿನಿಂದ ಒಂದು ಮಗುವಿನ ತೋಳಿನಿಂದ ಮತ್ತೊಂದು ಮಗುವಿನ ತೋಳಿಗೆ ಅದು ಊರೂರು ನಡೆಯಿತು. ಜನರು ಹೆದರುತ್ತಿದ್ದರು. ಅರಮನೆಯ ಸೊಸೆಯೇ ಹಾಕಿಸಿಕೊಂಡಳೆಂದರೆ ಸಾಮಾನ್ಯರ ಹೆದರಿಕೆ ಕರಗುವುದು ಸಹಜ.

ಬಾಸ್ಟನ್ನಿನಲ್ಲಿಯೂ ಇದೇ ರೋಗ, ಇದೇ ಹೆದರಿಕೆ. 1721ರಲ್ಲಿ ಸಿಡುಬು ಹಬ್ಬಿದಾಗ, ರೋಗದ ಕೀವನ್ನೇ ತೋಳಿಗೆ ಹಾಕಿ ರಕ್ಷಿಸುವ ಉಪಾಯವನ್ನು ಕಾಟನ್ ಮಾತರನು ಸಾರಿದನು. ಅದನ್ನು ಅವನಿಗೆ ತಿಳಿಸಿದವನು ಅವನ ಮನೆಯಲ್ಲಿದ್ದ ಒನೆಸಿಮಸ್ ಎಂಬ ಆಫ್ರಿಕಾದ ಗುಲಾಮ. ಬೆಳ್ಳಿಯ ಪಟ್ಟಿಯ ಆ ಹುಡುಗನ ಜನ ಒಡೆಯರ ಮಕ್ಕಳ ಪ್ರಾಣವನ್ನು ಉಳಿಸುವ ವಿದ್ಯೆಯನ್ನು ಕೊಟ್ಟರು. ಅವರ ಮಕ್ಕಳಿಗೆ ಪಟವೂ ಇಲ್ಲ, ಹೆಸರೂ ಇಲ್ಲ.

ಹಿಕಿಯ ಈ ಚಿತ್ರದಲ್ಲಿಯೂ ಬಾಲೆಯನ್ನು ಹಿರಿಯರ ಕಾರ್ಯಕ್ಕೆ ಬಳಸಿಕೊಂಡಿದ್ದಾರೆಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ಆದರೆ ಎರಡು ಬಗೆಯ ಬಳಕೆಗೂ ವ್ಯತ್ಯಾಸವಿದೆ. ಒತ್ತೆಯ ಮಕ್ಕಳ ಚಿತ್ರದಿಂದ ಲಾಭವಾದುದು ಗೆದ್ದವನ ಕೀರ್ತಿಗೆ. ಈ ಬಾಲೆಯ ಚಿತ್ರದಿಂದ ಲಾಭವಾಗಬೇಕಾಗಿದ್ದುದು ಚೌಕಟ್ಟಿನ ಹೊರಗಿರುವ, ಹೆಸರಿಲ್ಲದ ಇತರ ಮಕ್ಕಳಿಗೆ. ಮಗುವಿನ ಹೆಗಲ ಮೇಲೆ ಹಿರಿಯರು ಏನನ್ನಾದರೂ ಹೊರಿಸಿಯೇ ಹೊರಿಸುತ್ತಾರೆ. ಹೊರೆ ಯಾರ ಹಿತಕ್ಕೆ ಎಂಬುದೇ ಕೇಳಬೇಕಾದ ಮಾತು.

ಆದುದರಿಂದ ಮಕ್ಕಳ ಹಳೆಯ ಚಿತ್ರವೊಂದು ಎದುರಾದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಇದಕ್ಕೆ ಹಣ ಕೊಟ್ಟವರು ಯಾರು? ಮಗುವಿನ ಕೈಗೆ ಏನನ್ನು ಕೊಟ್ಟಿದ್ದಾರೆ: ಬೀಸಣಿಗೆಯನ್ನೋ, ಬಿಲ್ಲನ್ನೋ, ಗಡಿಯಾರವನ್ನೋ, ಅಳಿಲಿನ ಸರಪಳಿಯನ್ನೋ? ಚಿತ್ರದ ಅಂಚಿನಲ್ಲಿ ನಿಂತವರು ಯಾರು? ಈ ಮೂರನ್ನು ಕೇಳಿದರೆ ಚಿತ್ರಕಾರನು ಹೇಳಲಾರದೆ ಬಿಟ್ಟುದೂ ತಾನಾಗಿ ಕಾಣತೊಡಗುತ್ತದೆ.

ಇದೇ ಪ್ರಶ್ನೆಗಳನ್ನು ನಮ್ಮ ಮನೆಯ ಗೋಡೆಗೂ ಕೇಳಬಹುದು. ಮಾಂಬಳ್ಳಿಯಂಥ ಊರುಗಳ ಹಳೆಯ ಮನೆಗಳಲ್ಲಿ ಗೆದ್ದಲು ತಿಂದ ಚೌಕಟ್ಟುಗಳೊಳಗೆ ಎಷ್ಟೋ ಮಕ್ಕಳು ಕುಳಿತಿದ್ದಾರೆ. ಇದು ಯಾರೆಂದು ಕೇಳಿದರೆ ಹೇಳಬಲ್ಲ ಅಜ್ಜಿ ಈಗಿಲ್ಲ. ಗಿಬ್ಸ್ ಎಂಬ ವರ್ತಕನು ಮಾಡಿಸಿದ ಒಂದು ಕೆಲಸವನ್ನು ನಾವೂ ಮಾಡಬಹುದು. ಚಿತ್ರದ ಹಿಂಬದಿಯಲ್ಲಿ ಮಗುವಿನ ಹೆಸರನ್ನೂ ವಯಸ್ಸನ್ನೂ ಇಸವಿಯನ್ನೂ ಒಂದು ಸಾಲಿನಲ್ಲಿ ಬರೆದಿಡಬಹುದು. ಮಗುವನ್ನು ಎತ್ತಿಕೊಂಡು ಅಂಚಿನಲ್ಲಿ ನಿಂತ ಕೆಲಸದವಳ ಹೆಸರನ್ನೂ, ಅವಳ ಪಕ್ಕದಲ್ಲಿ ಅರ್ಧ ಮಾತ್ರ ಕಾಣುವ ಅವಳ ಮಗುವಿನ ಹೆಸರನ್ನೂ ಅದೇ ಸಾಲಿನಲ್ಲಿ ಸೇರಿಸಬಹುದು. ಇದಕ್ಕೆ ಚಿತ್ರಕಲೆಯ ಪಾಂಡಿತ್ಯ ಬೇಕಾಗಿಲ್ಲ. ಒಂದು ಸೀಸದ ಕಡ್ಡಿ ಸಾಕು.